ಎಳೆ ಹೊಸೆಯುವ ಕೈ

ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಅತ್ತೆ ಸೊಸೆ ಕೂತಿದ್ದರು. ಬೆಂಗಳೂರಿನ ಆಸ್ಪತ್ರೆಯಿಂದ ಮೊಳಕಾಲ್ಮೂರಿಗೆ ಮರಳುತ್ತಿದ್ದ ರೇಷ್ಮೆ ನೇಯುವವರು. ಸೊಸೆಯ ತೊಡೆಯ ಮೇಲೆ ಎರಡು ವರ್ಷದ ಹೆಣ್ಣುಮಗು ಕೈಗೆ ಕೈ ಸೇರಿಸಿ ಒಂದೇ ಸಮನೆ ಹೊಸೆಯುತ್ತಿತ್ತು.

"ಡಾಕ್ಟ್ರು ಏನಂದ್ರು, ಇನ್ನೊಂದ್ಸಲ ಹೇಳೇ ದಾಕ್ಷಾಯಿಣಿ," ಎಂದಳು ಅತ್ತೆ.

"ಮೈಯಾಗಿನ ಒಂದೊಂದು ಜೀವಕೋಶದಾಗೂ ಉದ್ದನೆ ಎಳೆ ಐತಂತೆ ಅತ್ತೆ. ನಾವು ಕಂಡಿಕೆಗೆ ರೇಷ್ಮೆ ಸುತ್ತಿದಂಗೆ ಸುತ್ತಿರ್ತತಂತೆ. ಕೆಲ್ಸ ಇದ್ದಲ್ಲಿ ಸಡ್ಲ ಆಗ್ಬೇಕು, ಇಲ್ಲದಲ್ಲಿ ಬಿಗಿ ಇರ್ಬೇಕು."

"ಇವಳದು ಹರಿದೈತಾ?"

"ಹರಿದಿಲ್ಲ. ಎಲ್ಲಿ ಬಿಗಿ, ಎಲ್ಲಿ ಸಡ್ಲ ಅಂತ ನೋಡ್ಕಳ್ಳೋದು ಒಂದು ಕೆಟ್ಟೈತಂತೆ. ಅದಕ್ಕೇ ಕಲ್ತ ಮಾತೆಲ್ಲ ಹೋಗ್ತಿರೋದು, ಕೈ ಹಿಂಗೆ ಹೊಸೀತಿರೋದು."

"ಬಿಚ್ಚಿ ಸರಿಯಾಗಿ ಸುತ್ತಕಾಗಲ್ವಂತಾ?"

"ಕೇಳ್ದೆ. ಆಗಲ್ಲ ಅಂದ್ರು."

"ಈ ಕೈ ಹೊಸೆಯೋದ್ನ ನನ್ನ ನೋಡಿ ಕಲ್ತಾಳೆ ಅಂದ್ಕಂಡಿದ್ನಲ್ಲೇ! ಮಗ್ಗದಾಗೆ ಹಾಸಿನ ತುದಿಗೆ ಹೊಸ ಎಳೆ ಹೊಸೆದು ಸೇರಿಸ್ತೀನಲ್ಲ, ಅದ್ನೇ ಮಾಡ್ತಾಳೆ ಅಂತ ಕೇರಿಯೋರ್ನೆಲ್ಲ ಕರೆದು ತೋರಿಸ್ದೆ. ಸಕ್ಕರೆ ಹಂಚ್ದೆ."

"ಮೆತ್ತಗೆ ಮಾತಾಡ್ರಿ, ಜನ ಕೇಳಿಸ್ಕಂತಾರೆ."

ನಾನು ತಲೆ ತಗ್ಗಿಸಿದೆ.

"ಕೇಳ್ಲಿ ಬಿಡು. ಅವ್ವ ಅನ್ನೋದೊಂದು ಉಳಿದೈತಲ್ಲ, ಅಷ್ಟು ಸಾಕು."

ಸೊಸೆ ಮಗುವಿನ ಅಂಗಿ ಸರಿಮಾಡತೊಡಗಿದಳು.

"ಯಾಕೇ? ಅಂತಾಳಲ್ಲ?"

"ಹಬ್ಬ ಆದ್ಮ್ಯಾಲೆ ಅಂದಿಲ್ಲ ಅತ್ತೆ. ನಿಮಗೆ ಹೇಳಾಕೆ ಹೆದ್ರಿಕೆ ಆತು."

ಮೊಳಕಾಲ್ಮೂರಿನ ಬಸ್ಸು ಬಂದು ನಿಂತಿತು. ಅತ್ತೆ ಮಗುವನ್ನು ಕಿತ್ತುಕೊಂಡಂತೆ ಎತ್ತಿಕೊಂಡು, ಆ ಎರಡು ಪುಟ್ಟ ಕೈಗಳನ್ನೂ ತನ್ನ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು.

"ಅವ್ವ ಅನ್ನೇ ಬಂಗಾರಿ. ಒಂದೇ ಒಂದ್ಸಲ."

ಹಾಗೆನ್ನುತ್ತಲೇ ಮೆಟ್ಟಿಲು ಹತ್ತಿದಳು. ಅವಳ ಮುಷ್ಟಿಯೊಳಗೆ ಮಗುವಿನ ಕೈಗಳು ಇನ್ನೂ ಹೊಸೆಯುತ್ತಿದ್ದವು.