ಯಾವ ಪಟ್ಟಿಯಲ್ಲೂ ಇಲ್ಲದವರು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಪ್ರಾಂಶುಪಾಲರಾದ ಕೃಷ್ಣಾನಂದ ಸರ್ ಅವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಆರೋಗ್ಯ ಇಲಾಖೆಯ ಡಾಕ್ಟರ್ ಸುಚಿತಾ ಮೇಡಂ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ನನ್ನ ಸಹೋದ್ಯೋಗಿಗಳೇ, ಹಾಜರಿ ಸಿಗುತ್ತದೆಂಬ ಆಸೆಯಿಂದಲಾದರೂ ಬಂದು ಕೂತಿರುವ ವಿದ್ಯಾರ್ಥಿ ಮಿತ್ರರೇ, ಮಿರ್ಜಾನದ ಕಡೆಯಿಂದ ಟೆಂಪೋ ಮಾಡಿಕೊಂಡು ಬಂದಿರುವ ನನ್ನ ಊರಿನವರೇ, ಸಭಿಕರೇ,

ನನಗೆ ಡಾಕ್ಟರೇಟ್ ಬಂತೆಂದು ಈ ಸನ್ಮಾನ ಏರ್ಪಡಿಸಿದ್ದೀರಿ. ಶಾಲು ಹೊದಿಸಿದ್ದೀರಿ, ಹಣ್ಣಿನ ಬುಟ್ಟಿ ಕೊಟ್ಟಿದ್ದೀರಿ. ನಾನು ಕೃತಜ್ಞಳು. ನನ್ನನ್ನು ಪರಿಚಯಿಸಿದ ಅಂಕಿತಾ ಮೇಡಂ ಪ್ರೀತಿಯಿಂದ ಒಂದು ಮಾತು ಹೇಳಿದರು. "ಉಮಾ ಅವರ ತಂದೆ ಜಟ್ಟಿ ಗೌಡರು ಹೆಸರಾಂತ ನಾಟಿ ವೈದ್ಯರು, ಹಾವು ಕಚ್ಚಿದ ನೂರಾರು ಜನರ ಜೀವ ಉಳಿಸಿದವರು" ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಮೂರನೆಯ ಸಾಲಿನಲ್ಲಿ ಕೂತಿರುವ ನನ್ನ ಅಪ್ಪ ಮಾತ್ರ ತಟ್ಟಲಿಲ್ಲ. ನಾನು ನೋಡಿದೆ. ಆ ಒಂದು ವಾಕ್ಯದ ಬಗ್ಗೆಯೇ ನಾನು ಇವತ್ತು ಮಾತಾಡಬೇಕು. ನನ್ನ ಪ್ರಬಂಧ ಇರುವುದೂ ಅದರ ಬಗ್ಗೆಯೇ.

ನನ್ನ ವಿಷಯ ಸಂಭವನೀಯತೆ. ಹೆಸರು ಕೇಳಿ ಹೆದರಬೇಡಿ. ಕಣ್ಣಿಗೆ ಕಾಣದ್ದನ್ನು, ಕಂಡಷ್ಟರಿಂದ ಎಣಿಸುವ ವಿದ್ಯೆ ಎಂದು ತಿಳಿದುಕೊಳ್ಳಿ. ಹೊಳೆಯ ಉಪ್ಪುನೀರು ನುಗ್ಗುವ ನಮ್ಮೂರಿನ ಗಜನಿ ಗದ್ದೆಯಲ್ಲಿ ಎಷ್ಟು ಮೀನಿವೆ ಎಂದು ತಿಳಿಯಬೇಕು, ಆದರೆ ನೀರು ಖಾಲಿ ಮಾಡುವಂತಿಲ್ಲ. ಏನು ಮಾಡುತ್ತೀರಿ? ಮೊದಲ ದಿನ ನೂರು ಮೀನು ಹಿಡಿದು, ಬಾಲಕ್ಕೊಂದು ಗುರುತು ಮಾಡಿ ಬಿಟ್ಟುಬಿಡಬೇಕು. ಮರುದಿನ ಮತ್ತೆ ನೂರು ಹಿಡಿಯಬೇಕು. ಅದರಲ್ಲಿ ಗುರುತಿನವು ಹತ್ತು ಸಿಕ್ಕರೆ ಗದ್ದೆಯಲ್ಲಿ ಸುಮಾರು ಸಾವಿರ ಮೀನಿವೆ ಎಂದರ್ಥ. ಇದನ್ನು ನನ್ನ ಅವ್ವ ಲಕ್ಕಿಗೆ ವಿವರಿಸಿದಾಗ ಅವಳು, "ನೂರು ಮೀನು ಹಿಡ್ದು ವಾಪಸ್ ಬಿಡೂದಾ? ಇದ್ಕೆ ಸರ್ಕಾರ ಸಂಬಳ ಬೇರೆ ಕೊಡ್ತದಾ?" ಎಂದು ಕೇಳಿದ್ದಳು.

ನಾನು ಎಣಿಸಲು ಹೊರಟಿದ್ದು ಮೀನನ್ನಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳ ಮೂವತ್ತೊಂದು ಹಳ್ಳಿಗಳಲ್ಲಿ ಹತ್ತು ವರ್ಷಗಳಲ್ಲಿ ಹಾವು ಕಚ್ಚಿದವರನ್ನು. ಅದಕ್ಕೆ ಎರಡು ಪಟ್ಟಿ ಬೇಕು. ಒಂದು, ಆಸ್ಪತ್ರೆಗಳ ರಿಜಿಸ್ಟರಿನಿಂದ. ಇನ್ನೊಂದು, ಮನೆಮನೆಗೆ ಹೋಗಿ ಕೇಳಿ ಬರೆದದ್ದು. ಮೊದಲ ಒಂದು ತಿಂಗಳು ಯಾವ ಮನೆಯಲ್ಲಿ ಕೇಳಿದರೂ "ಇಲ್ಲ" ಎಂಬ ಉತ್ತರ. ಆಗ ನನ್ನ ಜೊತೆ ಬರುತ್ತಿದ್ದ ಆಶಾ ಕಾರ್ಯಕರ್ತೆ ಜಯಂತಿ ಹೇಳಿದಳು: "ಮೇಡಂ, ಹಾವು ಕಚ್ಚಿತ್ತಾ ಅಂತ ಕೇಳಿದ್ರೆ ಯಾರು ಹೌದು ಅಂತ್ರು? ಹುಳ ಮುಟ್ಟಿತ್ತಾ ಅಂತ ಕೇಳಿ." ನಾನು ಹುಟ್ಟಿ ಬೆಳೆದ ಮನೆಯ ಮಾತನ್ನೇ ನಾನು ಮರೆತಿದ್ದೆ. ಹಾಗೆ ಕೇಳಿದ ಮೇಲೆ ಉತ್ತರ ಬರತೊಡಗಿತು.

ಆಸ್ಪತ್ರೆಯ ಪಟ್ಟಿಯಲ್ಲಿ ಇನ್ನೂರ ಹನ್ನೆರಡು ಜನ. ಮನೆಮನೆಯ ಪಟ್ಟಿಯಲ್ಲಿ ನೂರ ಎಂಬತ್ತೇಳು. ಎರಡರಲ್ಲೂ ಇದ್ದವರು ನೂರ ನಲವತ್ತೊಂದು. ಸೂತ್ರಕ್ಕೆ ಹಾಕಿದೆ. ಎರಡೂ ಪಟ್ಟಿಗೆ ಸಿಗದವರು ಸುಮಾರು ಇಪ್ಪತ್ತಮೂರು ಜನ ಎಂದು ಬಂತು. ಎಷ್ಟು ಚಂದದ ಉತ್ತರ! ನಾನು ಸಂತೋಷದಿಂದ ನನ್ನ ಮಾರ್ಗದರ್ಶಕರಾದ ರವೀಂದ್ರ ಸರ್ ಅವರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ನಮಗೆ ಆರು ತಿಂಗಳ ಕೆಲಸ ಜಾಸ್ತಿಯಾಯಿತೆಂದೇ ಲೆಕ್ಕ.

"ಉಮಾ, ಆಸ್ಪತ್ರೆಗೆ ಹೋದವರೇ ಮನೆಯಲ್ಲಿ ಕೇಳಿದಾಗ ಧೈರ್ಯವಾಗಿ ಹೇಳುತ್ತಾರೆ. ಹೋಗದವರು ಮನೆಯಲ್ಲೂ ಬಾಯಿ ಬಿಡುವುದಿಲ್ಲ. ನಿಮ್ಮ ಎರಡೂ ಪಟ್ಟಿಗಳು ಹಿಡಿದದ್ದು ಒಂದೇ ಬಗೆಯ ಜನರನ್ನು. ಆಸ್ಪತ್ರೆಗೆ ಹೋಗದವರು ಎಲ್ಲಿಗೆ ಹೋದರು? ಆ ಮೂರನೆಯ ಪಟ್ಟಿ ತನ್ನಿ" ಎಂದರು.

ಅವರು ಎಲ್ಲಿಗೆ ಹೋದರು ಎಂದು ನನಗೆ ಗೊತ್ತಿರಲಿಲ್ಲವೇ? ಅವರು ನಮ್ಮ ಮನೆಯ ಅಂಗಳಕ್ಕೆ ಬಂದಿದ್ದರು. ನಾನು ಅವರ ನಡುವೆಯೇ ಕೂತು ಮಗ್ಗಿ ಬಾಯಿಪಾಠ ಮಾಡಿದವಳು.

ಆ ಶನಿವಾರವೇ ಊರಿಗೆ ಹೋದೆ. ಅಪ್ಪನಿಗೆ ಓದು ಬರಹ ಬರುವುದಿಲ್ಲ, ಆದರೆ ನೆನಪು ಇದೆ. ಯಾರು, ಯಾವ ಗದ್ದೆ, ಎಡಗಾಲೋ ಬಲಗೈಯೋ, ಎಲ್ಲ ನೆನಪಿದೆ. ನನ್ನ ಮೂವತ್ತೊಂದು ಹಳ್ಳಿಗಳಿಂದ ಆ ಹತ್ತು ವರ್ಷಗಳಲ್ಲಿ ಬಂದವರನ್ನಷ್ಟೇ ಹೇಳು ಎಂದು ನಾನು ಪುಸ್ತಕ ಬಿಚ್ಚಿ ಕೂತೆ. ಅಪ್ಪ ಒಂದೇ ಸಮನೆ ಹೇಳುತ್ತ ಹೋದರು. ಐವತ್ತೆರಡು ಹೆಸರು ಬರೆದೆ. ಐವತ್ತೆರಡೂ ಜನ ಬದುಕಿದವರು.

"ಅಪ್ಪಾ, ಹೋದವರ ಹೆಸರು?"

"ಅದೆಂತಕ್ಕೆ ನಿಂಗೆ? ಬದುಕಿದವ್ರು ಸುಳ್ಳಾ?"

"ಸುಳ್ಳಲ್ಲ ಅಪ್ಪಾ. ಕಚ್ಚುವ ಹಾವುಗಳಲ್ಲಿ ಬಹಳಷ್ಟಕ್ಕೆ ವಿಷವೇ ಇಲ್ಲ. ವಿಷದ ಹಾವು ಕಚ್ಚಿದರೂ ಎಲ್ಲ ಸಲ ವಿಷ ಮೈಗೆ ಏರುವುದಿಲ್ಲ. ಈ ಐವತ್ತೆರಡರಲ್ಲಿ ನೀನು ಬೇರು ತೇಯ್ದು ಕೊಡದಿದ್ದರೂ ಎಷ್ಟು ಜನ ಬದುಕ್ತಿದ್ರು?"

ಸಭಿಕರೇ, ನಲವತ್ತು ವರ್ಷ ಒಂದು ರೂಪಾಯಿ ಕೇಳದೆ ಔಷಧ ಕೊಟ್ಟ ಮನುಷ್ಯನಿಗೆ, ಅವರದೇ ಜಗುಲಿಯಲ್ಲಿ, ಅವರದೇ ಮಗಳು ಕೇಳಬಹುದಾದ ಪ್ರಶ್ನೆಯೇ ಇದು? ಕೇಳಬಾರದಿತ್ತೆಂದು ಅವ್ವ ಹೇಳಿದಳು. ಕೇಳಲೇಬೇಕಿತ್ತೆಂದು ನಾನು ಇವತ್ತಿಗೂ ಹೇಳುತ್ತೇನೆ. ಅಪ್ಪ ಎದ್ದು ಗದ್ದೆಗೆ ಹೋದರು. ನನ್ನ ಜೊತೆ ಹನ್ನೊಂದು ದಿನ ಮಾತಾಡಲಿಲ್ಲ. ನಾನು ರಜೆ ಹಾಕಿ ಅಲ್ಲಿಯೇ ಉಳಿದೆ. ದಿನವೂ ಬೆಳಿಗ್ಗೆ ಪುಸ್ತಕ ಹಿಡಿದು ಜಗುಲಿಯಲ್ಲಿ ಕೂರುತ್ತಿದ್ದೆ. ಹಟ ನನಗೆ ಅಪ್ಪನಿಂದಲೇ ಬಂದದ್ದು, ಅದು ಅವರಿಗೂ ಗೊತ್ತು.

ಹನ್ನೆರಡನೆಯ ದಿನ ಅಪ್ಪ ಕೈಕಾಲು ತೊಳೆದು ಬಂದು ನನ್ನ ಎದುರು ಕೂತರು. "ಬರ್ಕೊ" ಎಂದರು. ಒಂದು ಹೆಸರು ಹೇಳಿದರು. ಅಷ್ಟೇ, ಎದ್ದು ಹೋದರು. ಮರುದಿನ ಇನ್ನೊಂದು. ಹೀಗೆ ಒಂಬತ್ತು ದಿನ, ಒಂಬತ್ತು ಹೆಸರು. ಕೊನೆಯ ದಿನ ಹೇಳಿದರು: "ಆ ಮನೆಯವ್ರು ಯಾರೂ ನನ್ನ ಬಯ್ಯಲಿಲ್ಲ ತಂಗಿ. ಬೈದಿದ್ರೆ ನಾನು ಮೊದಲೇ ನಿಲ್ಲಿಸ್ತಿದ್ದೆ."

ಆ ಅರವತ್ತೊಂದು ಹೆಸರುಗಳನ್ನು ನನ್ನ ಎರಡು ಪಟ್ಟಿಗಳ ಪಕ್ಕದಲ್ಲಿಟ್ಟು ನೋಡಿದೆ. ನಲವತ್ತನಾಲ್ಕು ಜನ ಎರಡರಲ್ಲೂ ಇರಲಿಲ್ಲ. ಮೂವತ್ತೊಂದು ಹಳ್ಳಿಗೆ ಇಪ್ಪತ್ತಮೂರು ಎಂದು ನನ್ನ ಸೂತ್ರ ಹೇಳಿತ್ತು. ಅಪ್ಪ ಒಬ್ಬರೇ ನಲವತ್ತನಾಲ್ಕು ಹೇಳಿದ್ದರು.

ಇಲ್ಲಿ ನಾನು ಬರೆದುಕೊಂಡು ಬಂದ ಚೀಟಿಯಲ್ಲಿ "ಉಳಿದ ವೈದ್ಯರ ಭೇಟಿ" ಎಂದಿದೆ. ಆದರೆ ಅದಕ್ಕೆ ಮೊದಲು ಒಂದು ಹೆಸರು ಹೇಳಿಬಿಡುತ್ತೇನೆ. ಇದನ್ನು ಹೇಳಬೇಕೆಂದು ಬಂದವಳಲ್ಲ. ಅಪ್ಪನ ಒಂಬತ್ತು ಹೆಸರುಗಳ ಬಗ್ಗೆ ಮಾತಾಡಲು ಬೆಳಿಗ್ಗೆ ಅವರ ಅಪ್ಪಣೆ ಕೇಳಿದ್ದೆ. "ಹೇಳು, ಎಂತದೂ ಬಿಡಬೇಡ" ಎಂದರು. ಅವರ ತಪ್ಪನ್ನು ಮೈಕಿನಲ್ಲಿ ಹೇಳಿ ನನ್ನದನ್ನು ಮುಚ್ಚಿಟ್ಟುಕೊಂಡರೆ ಅದು ಎಂಥ ಸಂಶೋಧನೆ?

ನಾನು ಏಳನೆಯ ತರಗತಿಯಲ್ಲಿದ್ದೆ. ಭತ್ತದ ನಟ್ಟಿಯ ಸಮಯ. ನಮ್ಮ ಪಕ್ಕದ ಮನೆಯ ಕಮಲಿ ಸಸಿ ಕೀಳುತ್ತಿದ್ದಾಗ ಪಾದಕ್ಕೆ ಹುಳ ಮುಟ್ಟಿತು. ಮದುವೆಯಾಗಿ ಬಂದು ಎರಡು ವರ್ಷವಾಗಿತ್ತು. ಗದ್ದೆಯಲ್ಲಿ ಅವಳು ಹಾಡು ಎತ್ತಿದರೆ ಉಳಿದವರು ಹಿಂದಿನಿಂದ ಹೇಳುತ್ತಿದ್ದರು, ಅಂಥ ಗಂಟಲು. ನನಗೆ ಜಡೆ ಹಾಕುತ್ತಿದ್ದವಳೂ ಅವಳೇ. ಅವಳ ಗಂಡ ಸೋಮ ಅವಳನ್ನು ಎತ್ತಿಕೊಂಡು ನಮ್ಮ ಅಂಗಳಕ್ಕೆ ಬಂದ. ಅಪ್ಪ ಬೇರು ತರಲು ಯಾಣದ ಕಡೆ ಹೋಗಿದ್ದರು. ಅವ್ವ ಗದ್ದೆಯಲ್ಲಿದ್ದಳು. ಮನೆಯಲ್ಲಿ ನಾನೊಬ್ಬಳೇ.

ರಸ್ತೆಯಲ್ಲಿ ಕುಮಟಾಕ್ಕೆ ಹೋಗುವ ಟೆಂಪೋ ನಿಂತಿತ್ತು. ವಿಷಯ ತಿಳಿದು ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಸೋಮ ನನ್ನ ಮುಖ ನೋಡಿ, "ಅಪ್ಪ ಎಲ್ಲಿ?" ಎಂದು ಕೇಳಿದ.

ನಾನು ಹೇಳಿದೆ: "ಈಗ ಬತ್ತಾನೆ, ಕೂತ್ಕಳಿ. ನಮ್ಮಪ್ಪನ ಕೈಯಲ್ಲಿ ಯಾರೂ ಸತ್ತಿಲ್ಲ."

ಅಪ್ಪ ಯಾವಾಗ ಬರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಆದರೂ ಹೇಳಿದೆ. ನನಗೆ ಅಪ್ಪನ ಬಗ್ಗೆ ಅಷ್ಟು ಹೆಮ್ಮೆಯಿತ್ತು. ಟೆಂಪೋ ಹೋಯಿತು. ಅಪ್ಪ ಬಂದದ್ದು ಒಂದೂವರೆ ಗಂಟೆಯ ಮೇಲೆ. ಕಮಲಿಯ ಕಣ್ಣಿನ ರೆಪ್ಪೆ ಆಗಲೇ ಜೋತುಬಿದ್ದಿತ್ತು. ಸಂಜೆಯ ಹೊತ್ತಿಗೆ ಅವಳು ಹೋದಳು.

ನನ್ನ ಪ್ರಬಂಧದಲ್ಲಿ ಕಮಲಿ ಇಲ್ಲ. ನಾನು ಎಣಿಸಿದ ಹತ್ತು ವರ್ಷಗಳಿಗಿಂತ ಎಷ್ಟೋ ಮೊದಲೇ ಹೋದವಳು. ಆದರೆ ಆ ಪ್ರಬಂಧದ ಒಂದು ಪುಟವೂ ಅವಳಿಲ್ಲದೆ ಬರೆದದ್ದಲ್ಲ. ಕಳೆದ ದೀಪಾವಳಿಗೆ ಸೋಮನ ಮನೆಗೆ ಹೋದೆ. ಆತ ಈಗ ಹೊನ್ನಾವರದಲ್ಲಿ ತಮ್ಮನ ಜೊತೆ ಇದ್ದಾನೆ. ಹೇಳಿದೆ, ಟೆಂಪೋ ಬಿಡಿಸಿದ್ದು ನನ್ನ ಮಾತು ಎಂದು. ಸೋಮಣ್ಣ ನನ್ನ ಎದುರು ಬಂದು ಕೂತ. ಆಮೇಲೆ ಹೇಳಿದ:

"ಟೆಂಪೋ ನಂಗೂ ಕಂಡಿತ್ತು. ಕಮಲಿಯೇ ಹೇಳಿದ್ಲು, ಆಸ್ಪತ್ರೆಗೆ ಹೋಗ್ವ ಅಂತ. ನಾನೇ ಬೇಡ ಅಂದೆ. ಇದನ್ನ ಇಷ್ಟು ವರ್ಷ ಯಾರಿಗೂ ಹೇಳ್ಲಿಲ್ಲ."

ಇಬ್ಬರೂ ಅತ್ತೆವು. ನನ್ನ ಪುಸ್ತಕ ನೋಡಿ ಆತನೇ, "ಬರ್ಕೊ ಉಮಾ. ಕಮಲಿ ಸೋಮ ಗೌಡ. ಇಪ್ಪತ್ತೆರಡು ವರ್ಷ" ಎಂದ. ಬರೆದುಕೊಂಡೆ.

ಇನ್ನು ಉಳಿದ ವೈದ್ಯರು. ಮೂರು ತಾಲೂಕುಗಳಲ್ಲಿ ಹಾವಿಗೆ ಔಷಧ ಕೊಡುವ ಇನ್ನೂ ನಾಲ್ವರನ್ನು ಹುಡುಕಿದೆ. ಡಾಕ್ಟರೇಟ್ ಮಾಡುತ್ತಿರುವವಳಿಗೆ ಅವರು ಚಹಾ ಕೊಟ್ಟರು, ಹೆಸರು ಕೊಡಲಿಲ್ಲ. ಆಗ ಅಪ್ಪ ತಾವಾಗಿಯೇ ಅಂಗಿ ಹಾಕಿಕೊಂಡು, "ಎದ್ದೇಳು, ನಾನೂ ಬತ್ತೆ" ಎಂದರು. ಬಸ್ಸು ಹತ್ತಿ ಕಾಯ್ಕಿಣಿಗೆ ಹೋದೆವು. ಅಲ್ಲಿಯ ಮಾಬ್ಲೇಶ್ವರ ಅವರಿಗೂ ಅಪ್ಪನಷ್ಟೇ ವಯಸ್ಸು. ಅವರು ಅಪ್ಪನನ್ನು ಬದಿಗೆ ಕರೆದು ಕೇಳಿದರು: "ಜಟ್ಟಿ, ಹೆಸರು ಕೊಟ್ರೆ ನಾಳೆ ಪೊಲೀಸರು ಬಂದ್ರೆ ಎಂತ ಮಾಡೂದು?"

ಅಪ್ಪ ಹೇಳಿದರು: "ನನ್ನ ಹೆಸರಿನ ಕೆಳಗೆ ಒಂಬತ್ತು ಜನ ಇದ್ದಾರೆ. ಬರೂದಾದ್ರೆ ಮೊದಲು ನನ್ನ ಮನೆಗೆ ಬರ್ಲಿ. ನೀನು ಹೇಳು."

"ಆತು" ಎಂದರು ಮಾಬ್ಲೇಶ್ವರ. ಹೇಳಿದರು. ಆಮೇಲೆ ಉಳಿದ ಮೂವರೂ ಹೇಳಿದರು. ಯಾರ ಹೆಸರನ್ನೂ ನಾನು ಅಚ್ಚು ಹಾಕಿಸಿಲ್ಲ, ಪೊಲೀಸರೂ ಬರಲಿಲ್ಲ.

ನಾಲ್ವರಿಂದ ಮತ್ತೆ ಮೂವತ್ತೊಂಬತ್ತು ಹೊಸ ಹೆಸರು ಸಿಕ್ಕವು. ಮೂರು ಪಟ್ಟಿಗಳನ್ನು ಸೇರಿಸಿ ಮತ್ತೆ ಮೊದಲಿನಿಂದ ಲೆಕ್ಕ ಮಾಡಿದೆ. ಈ ಸಲ ರವೀಂದ್ರ ಸರ್ ಕನ್ನಡಕ ತೆಗೆಯಲಿಲ್ಲ. ಇನ್ನೂ ಯಾವ ಪಟ್ಟಿಗೂ ಸಿಗದವರು ಸುಮಾರು ನೂರ ಇಪ್ಪತ್ತು ಜನ ಎಂದು ಬಂತು. ಅದಕ್ಕಿಂತ ಮೂವತ್ತು ಹೆಚ್ಚೋ ಕಡಿಮೆಯೋ ಇರಬಹುದು. ಆದರೆ ಇಪ್ಪತ್ತಮೂರು ಅಲ್ಲ.

ಇದರಿಂದ ಏನಾಯಿತು? ಒಂದು ಸಣ್ಣ ಸಂಗತಿ ಆಯಿತು. ಈಗ ನಮ್ಮ ಅಂಗಳಕ್ಕೆ ಯಾರಾದರೂ ಬಂದರೆ ಅಪ್ಪ ಬೇರು ಮುಟ್ಟುವುದಿಲ್ಲ. ರಿಕ್ಷಾದ ಭಾಸ್ಕರನಿಗೆ ಫೋನ್ ಮಾಡಿಸಿ, ತಾವೂ ಜೊತೆಗೆ ಕೂತು ಆಸ್ಪತ್ರೆಗೆ ಹೋಗುತ್ತಾರೆ. ದಾರಿಯುದ್ದಕ್ಕೂ "ಹೆದರಬೇಡ, ಕಾಲು ಅಲ್ಲಾಡಿಸಬೇಡ" ಎಂದು ಹೇಳುತ್ತ ಹೋಗುತ್ತಾರೆ. ಜನ ಅವರ ಮಾತು ಕೇಳುತ್ತಾರೆ. ನಾನೂ ಡಾಕ್ಟರೇ, ನಾನು ಹೇಳಿದರೆ ಯಾರೂ ಕೇಳುವುದಿಲ್ಲ. ಕಳೆದ ಮಳೆಗಾಲದಲ್ಲಿ ಹಾಗೆ ಏಳು ಜನರನ್ನು ಕರೆದುಕೊಂಡು ಹೋದರು. ಒಬ್ಬರು ಉಳಿಯಲಿಲ್ಲ, ಆರು ಜನ ಮನೆಗೆ ಬಂದರು. ಆ ಆರು ಜನರನ್ನು ಅಪ್ಪ ಉಳಿಸಿದರು ಎಂದು ನಾನು ಹೇಳುವುದಿಲ್ಲ, ಅವರೂ ಒಪ್ಪುವುದಿಲ್ಲ. ಸಮಯಕ್ಕೆ ಮುಟ್ಟಿಸಿದರು ಎನ್ನುತ್ತೇನೆ.

ಸುಚಿತಾ ಮೇಡಂ, ನಿಮ್ಮನ್ನು ಕರೆಸಿದ್ದು ಕೇವಲ ನನಗೆ ಶಾಲು ಹೊದಿಸಲು ಅಲ್ಲ. ನನ್ನ ಅಂಕಿಗಳನ್ನು ನೋಡಿ ನೀವು ಎರಡು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಇರುವಂತೆ ಮಾಡಿದಿರಿ. ನಾನು ಋಣಿ. ಇನ್ನೂ ಐದು ಕೇಂದ್ರಗಳ ಪಟ್ಟಿ ಕೊಟ್ಟಿದ್ದೇನೆ. ಮೂರು ಪತ್ರ ಬರೆದಿದ್ದೇನೆ. ನಾಲ್ಕನೆಯದು ನನ್ನ ಚೀಲದಲ್ಲಿದೆ, ಊಟಕ್ಕೆ ಮೊದಲು ಕೊಡುತ್ತೇನೆ. ಐದನೆಯದನ್ನೂ ಬರೆಯುವವಳು ನಾನು ಎಂಬುದನ್ನು ನೀವು ಇಷ್ಟರಲ್ಲಿ ಅರ್ಥ ಮಾಡಿಕೊಂಡಿರುತ್ತೀರಿ.

ಕೊನೆಯ ಮಾತು. ಸೂತ್ರವು ನನಗೆ ನೂರ ಇಪ್ಪತ್ತು ಎಂಬ ಸಂಖ್ಯೆ ಕೊಟ್ಟಿದೆ. ಅದು ಹೆಸರು ಕೊಡುವುದಿಲ್ಲ. ಊರು ಹೇಳುವುದಿಲ್ಲ. ಆ ಹೆಸರುಗಳು ಎಲ್ಲಿವೆ? ಈ ಸಭಾಂಗಣದಲ್ಲಿ ಕೆಲವಾದರೂ ಇರಲೇಬೇಕು. ಯಾರದೋ ಅತ್ತೆ, ಯಾರದೋ ಅಣ್ಣ. ಮನೆಯಲ್ಲಿ "ಜ್ವರ ಬಂದು ಹೋದರು" ಎನ್ನಿಸಿಕೊಂಡವರು. ಯಾರ ಮೇಲೂ ತಪ್ಪು ಹೊರಿಸಲು ನಾನು ಕೇಳುತ್ತಿಲ್ಲ. ಯಾವ ದಾರಿಯಲ್ಲಿ ಗಾಡಿ ಸಿಗಲಿಲ್ಲ, ಯಾವ ಊರಿಗೆ ಔಷಧ ದೂರವಾಯಿತು ಎಂದು ತಿಳಿಯಲು ಕೇಳುತ್ತಿದ್ದೇನೆ.

ಊಟದ ನಂತರ ನಾನೂ ಅಪ್ಪನೂ ಗ್ರಂಥಾಲಯದ ಜಗುಲಿಯಲ್ಲಿ ಪುಸ್ತಕ ಬಿಚ್ಚಿಕೊಂಡು ಕೂತಿರುತ್ತೇವೆ. ಇವತ್ತು ಯಾರೂ ಬರದಿದ್ದರೆ ನಾಳೆಯೂ ಕೂರುತ್ತೇವೆ. ಈ ಸೆಕೆಯಲ್ಲಿ ಎದ್ದುಹೋಗದೆ ಇಷ್ಟು ಹೊತ್ತು ಕೇಳಿದ ನಿಮಗೆಲ್ಲ, ನನ್ನ ಜೊತೆ ಬಿಸಿಲಲ್ಲಿ ನಡೆದ ಜಯಂತಿಗೆ, ಹೆಸರು ಕೊಟ್ಟ ಮನೆಗಳಿಗೆ ನನ್ನ ಧನ್ಯವಾದಗಳು. ಬನ್ನಿ, ಹೇಳಿ, ಬರೆದುಕೊಳ್ಳುತ್ತೇನೆ.

ನಮಸ್ಕಾರ.