ತೋರಸಾಕಿಟ್ಟ ಡಬ್ಬಿ

...ಬ್ಯಾಡ ಅನಬ್ಯಾಡ್ರಿ ಕಸ್ತೂರಿಬಾಯಿ ಅಕ್ಕಾ, ಎರಡು ತುತ್ತರೆ ತಿನ್ರಿ. ಜ್ವಾಳದ ರೊಟ್ಟಿ, ಪುಂಡಿಪಲ್ಲೆ, ಅಷ್ಟ. ಬರೇ ಚಾ ಕುಡದು ಈ ದವಾಖಾನಿ ಬಾಕಿನ ಮ್ಯಾಲೆ ಎಷ್ಟೊತ್ತು ಕೂಡ್ತೀರಿ? ಕಮಲಾಪುರದಾಗ ಬಾಳಿತೋಟ ಯಾರರೆ ನೋಡ್ಕೋತಾರ, ಬಿಡ್ರಿ. ಮಗಳು ಅಂಬಿಕಾ ಒಳಗ ಮಷಿನ್ ಮ್ಯಾಲೆ ಉಸರಾಡಾಕತ್ತಾಳ, ಹೊರಗ ನೀವು ಬಿದ್ರ ಆಕಿಗೆ ಯಾರು?

ಏನಂದ್ರಿ? ನಾ ಯಾಕ ದಿನಾ ಬರ್ತೀನಿ ಅಂತ?

ಇದೇನ್ ಕೇಳ್ತೀರಿ ಅಕ್ಕಾ... ಆಕಿ ಕಾಲೇಜಿಗೆ ಹೋಗಿದ್ದೆ ಅಂದಿದ್ದೆನಲ್ಲ. ತಂಬಾಕು ಬಿಡಸೂ ಆಫೀಸಿನಾಗ ಕೆಲಸ ನಂದು. ಕಾಂಟ್ರ್ಯಾಕ್ಟು, ವರ್ಷಾ ವರ್ಷಾ ಆರ್ಡರ್ ಬರ್ಬೇಕು. ಈ ಕರೆಂಟಿನ ಸಿಗರೇಟು, ವೇಪ್ ಅಂತಾರ, ಅದರ ಬಗ್ಗೆ ತಿಳಿಸಿ ಹೇಳೂದು. ಕಾಯಿದೆ ಬಂದದ, ಮಾರಂಗಿಲ್ಲ, ತರಸಂಗಿಲ್ಲ, ಕೂಡಿಡಂಗಿಲ್ಲ. ಬಾಯಿಲೆ ಹೇಳಿದ್ರ ಈಗಿನ ಹುಡುಗ್ಯಾರು ಕೇಳ್ತಾರೇನ್ರಿ? ಅದಕ್ಕ ರೇಡಿನಾಗ ಸಿಕ್ಕ ಮಾಲಿನಾಗಿಂದ ಹನ್ನೊಂದು ವೇಪ್ ತೆಗದು ಡಬ್ಬಿಯೊಳಗ ಇಟ್ಟೀವಿ, ತೋರಸಾಕ. ಕೈಗೆ ಕೊಡ್ತೀನಿ, ಒಬ್ಬಾಕಿ ನೋಡಿ ಇನ್ನೊಬ್ಬಾಕಿಗೆ ದಾಟಸ್ತಾಳ, ಪ್ರಸಾದದ ತಾಟಿನಂಗ...

ನಗ್ತೀರೇನು? ನಗಲಿಲ್ಲ? ನನಗ ಹಂಗ ಅನಸ್ತು.

ನನಗೂ ನಿದ್ದಿ ಇಲ್ರಿ ಅಕ್ಕಾ. ಬಸ್ಸಿನಾಗ, ಅಡಗಿ ಮನ್ಯಾಗ, ಎಲ್ಲಿ ನಿಂತ್ರೂ ಮೂಗಿಗೆ ಆ ಡಬ್ಬಿಯೊಳಗಿನ ಸಿಹಿ ವಾಸನಿ. ನಿನ್ನೆ ಶರಣಬಸವೇಶ್ವರ ಗುಡಿಗೆ ಹೋದೆ. ಕಣ್ಣು ಮುಚ್ಚಿದ ಕೂಡ್ಲೆ ಹಿಂದ ಅಂಬಿಕಾ ಕೆಮ್ಮಿದಂಗಾತು. ತಿರುಗಿ ನೋಡಿದೆ, ಯಾರೂ ಇಲ್ಲ. ಅಂಜಿಕಿ ಬಂತು, ಮಂಗಳಾರತಿ ಸುದ್ದಾ ತಗೊಳ್ಳಲಾರದ ಬಂದೆ.

ಡಾಕ್ಟರ್ ಮತ್ತ ಕೇಳಿದ್ರೇನು, ಅಂಬಿಕಾ ಎಂಥಾ ವೇಪ್ ಎಳದಾಳ ಅಂತ? ಅದರಾಗ ಏನಿತ್ತು ಗೊತ್ತಾದ್ರ ತಕ್ಕ ಔಷಧ ಕೊಡ್ತೀನಿ ಅಂದ್ರಾ? ಹೂಂ... ನಿಮಗೆಲ್ಲಿ ಗೊತ್ತಿರ್ಬೇಕು. ಗೆಳತ್ಯಾರು ಹೊಗಿ ನೋಡ್ಯಾರ, ವಸ್ತು ಯಾರೂ ನೋಡಿಲ್ಲ.

ಏನು? ನಿಮ್ಮ ಮೈದುನ ಜಗದೇವಪ್ಪ ಮೋಮಿನಪುರಕ್ಕ ಹೋಗ್ಯಾರಾ? ನದೀಮನ ಮೊಬೈಲ್ ಅಂಗಡಿಗೆ, ಆಕಿಗೆ ಅವನ ಮಾರ್ಯಾನ ಅಂತ ಜಗಳಕ್ಕ? ಬ್ಯಾಡ್ರಿ ಅಕ್ಕಾ, ಫೋನ್ ಹಚ್ರಿ, ವಾಪಸ್ ಕರೀರಿ. ಆ ಮನಷ್ಯಾನ ತಪ್ಪಿಲ್ಲ. ಆ ಹಸಿರು ಬಣ್ಣದ್ದು, ಕಲ್ಲಂಗಡಿ ವಾಸನಿದು, ಅವನ ಅಂಗಡ್ಯಾಗ ಎಲ್ಲಿಂದ...

ಯಾಕ್ರಿ? ಯಾಕ ಹಂಗ ನೋಡ್ತೀರಿ?

ಬಣ್ಣ ನೀವ ಹೇಳಿದ್ರೆಲ್ಲ ಮೊನ್ನೆ. ಹೇಳಿಲ್ಲ? ಹಂಗಾರ ನರ್ಸ್ ಹೇಳಿರ್ಬೇಕು... ನರ್ಸ್‌ಗರೆ ಹ್ಯಾಂಗ ಗೊತ್ತು.

ಏನರೆ ಅನ್ರಿ. ಬೈರಿ ನನಗ. ಕೈ ಮುಗೀತೀನಿ ಅಕ್ಕಾ.

...ಅವತ್ತು ಕಾಲೇಜಿನಾಗ ಡಬ್ಬಿಗೆ ಹತ್ತ ವಾಪಸ್ ಬಂದುವ್ರಿ. ನಾ ಹನ್ನೊಂದು ಅಂತ ಬರದೆ. ಅಂಬಿಕಾ ಒಂದು ದುಪ್ಪಟ್ಟಾದಾಗ ಮುಚ್ಚಿಕೊಂಡಿದ್ದು ನೋಡೀನಿ. ನೋಡಿ ನೋಡಲಾರದಂಗ ನಿಂತೀನಿ. ಎಲ್ಲಾರ ಮುಂದ ಹುಡುಗಿ ಮರ್ಯಾದಿ ಹೋಗ್ತದ ಅಂತ... ಅಲ್ಲ. ಖರೇ ಹೇಳ್ತೀನಿ, ಕೇಸಿನ ಮಾಲು ಕಳದದ ಅಂದ್ರ ನನ್ನ ಆರ್ಡರ್ ಬರೂದಿಲ್ಲ ಅಂತ.

ಹನ್ನೊಂದೂ ರೇಡಿನಾಗ ಹಿಡದ ಒಂದ ಅಂಗಡಿ ಮಾಲು. ಅದರಾಗ ಏನೇನು ಕಲಸ್ಯಾರ ಅಂತ ಲ್ಯಾಬಿನವ್ರು ಕಾಗದ ಕೊಟ್ಟಾರ. ಇಲ್ಲೇ ಅದ, ನನ್ನ ಬ್ಯಾಗಿನಾಗ. ಹಿಡೀರಿ, ಡಾಕ್ಟರ್‌ಗೆ ಕೊಡ್ರಿ, ನಾನೂ ಬರ್ತೀನಿ, ಎಲ್ಲಾ ಹೇಳ್ತೀನಿ. ಏಳ್ರಿ ಅಕ್ಕಾ. ಕೈ ಮುಂದ ಮಾಡ್ರಿ...

ಹೌದ್ರಿ. ಆಕಿನ್ನ ಒಳಗ ಒಯ್ದ ದಿನಾನ ಈ ಕಾಗದ ತಂದಿದ್ದೆ. ನಾಕು ದಿನಾ ತಂದೀನಿ, ನಾಕು ದಿನಾ ನಿಮ್ಮ ಬಾಜೂಕ ಕುಂತು ಹಂಗ ಮನಿಗೆ ಒಯ್ದೀನಿ.