ಅಕ್ಕ ಹಾಕಿಸಿದ ಕೊಳವೆ

ಸ್ಕೂಟರಿನ ಪಂಕ್ಚರ್ ಹಾಕಿಸಲು ಬಂದಿದ್ದ ಟೈಲರಮ್ಮ ಗ್ಯಾರೇಜಿನ ಬೆಂಚಿನ ಮೇಲೆ ಕೂತಿದ್ದಳು. ಬಾಯಿಗೆ ಬೀಗ ಹಾಕಬಹುದು, ಕಿವಿಗೆ ಹಾಕಲಾದೀತೇ? ಎದುರಿಗೇ, ಒಂದು ಹಳೆಯ ಬೈಕಿನ ಪಕ್ಕ, ಮೇಸ್ತ್ರಿಗೂ ಅದರ ಒಡೆಯನಿಗೂ ಮಾತು ನಡೆದಿತ್ತು.

“ದೊಡ್ಡ ಪಿಸ್ಟನ್ ಹಾಕಿದ್ರಾ ಮೇಸ್ತ್ರಿ? ಏರು ಬಂದ್ರೆ ನನ್ನ ಹೆಂಡ್ತಿ ಇಳಿದು ನಡೀಬೇಕು.”

“ಪಿಸ್ಟನ್ ಬೇಡ. ಈ ಕೊಳವೆ ತುಂಡು ತೆಗೆದೆ, ಸಾಕು. ಎಕ್ಸಿಲೇಟರ್ ತಿರುಗಿಸು.”

“ಅಯ್ಯೋ, ಇನ್ನೂ ತಿರುಗ್ತಿದೆ! ಅಲ್ಲಿಗೇ ನಿಲ್ಲೋದು ಅಂದ್ಕೊಂಡಿದ್ದೆ.”

“ಪೂರ್ತಿ ತಿರುಗಬಾರದು ಅಂತ ಕಾರ್ಬೊರೇಟರ್ ಒಳಗೆ ಇದನ್ನ ಇಟ್ಟವನು ನಾನೇ. ಗಾಡಿ ನಿನ್ನ ಕೈಗೆ ಕೊಡೋ ಮುಂಚೆ ನಿಮ್ಮಕ್ಕ ಹಾಕಿಸಿದ್ರು.”

“ಕೇಳಿದಾಗೆಲ್ಲ ನೀವು ‘ಹಳೇ ಗಾಡಿ, ಅಷ್ಟೇ’ ಅಂತಿದ್ರಲ್ಲ!”

“‘ಬಾಯಿ ಬಿಡಬೇಡಿ, ಅವನ ಮದುವೆ ಆದ್ಮೇಲೆ ತೆಗೀರಿ’ ಅಂದಿದ್ರು. ನೀನು ಮದುವೆಗೇ ಕರೀಲಿಲ್ಲ, ನನಗೇನು ಗೊತ್ತು? ಮೊನ್ನೆ ‘ಹೆಂಡ್ತಿ’ ಅಂದಾಗಲೇ ತಿಳಿದಿದ್ದು.”

ಇನ್ನು ಜಗಳ ಶುರುವಾಯಿತು ಎಂದುಕೊಂಡಳು ಟೈಲರಮ್ಮ. ಬೈಕಿನವನು ಕೊಳವೆಯನ್ನು ಒರೆಸಿ ಅಂಗಿಯ ಜೇಬಿಗೆ ಹಾಕಿಕೊಂಡ.

“ಅಕ್ಕನ ಮನೆಗೆ ಹೊರಟೆ.”

“ಬೈಯೋಕಾ?”

“ಮದುವೆಗೆ ಮುಂಚೆ ನನ್ನ ಜೊತೆ ರೇಸಿಗೆ ಬಿದ್ದವನು ಇವತ್ತಿಗೂ ಊರುಗೋಲು ಹಿಡಿದೇ ನಡೀತಾನೆ. ಈ ಗಾಡಿ ಓಡಲಿಲ್ಲ, ನಾನು ಸೋತೆ, ಅಷ್ಟೇ. ಅಂಥ ಅಕ್ಕನ್ನ ಬೈತೀನಾ ಮೇಸ್ತ್ರಿ? ಹಿಂದೆ ಕೂರಿಸ್ಕೊಂಡು ಏರು ಹತ್ತಿಸ್ತೀನಿ.”

ಹೊಸ ಕಸುವು ಬಂದ ಗಾಡಿ ಬೀದಿಯ ತಿರುವಿನವರೆಗೂ ಮೊದಲಿನಷ್ಟೇ ನಿಧಾನವಾಗಿ ಹೋಯಿತು.